ಹನಿಯಿಲ್ಲದ ಸಿಡಿಲು

ಮಳೆ ಬಂತೆಂದು ಅಂಗಳದ ಚಾಲಿ ಅಡಿಕೆಯನ್ನು ಬಾಚಿ ಬಾಚಿ ಗೋಣಿಗೆ ತುಂಬಿದೆವು. ಬಂದದ್ದು ಬರೀ ಸಿಡಿಲು. ಏಪ್ರಿಲ್ ಮೊದಲ ವಾರ, ಸಂಜೆ ಐದರ ಹೊತ್ತು. ಕೊಡಚಾದ್ರಿಯ ಕಡೆ ಮೋಡದಡಿ ಮಳೆಕಾಲು ಇಳಿಯುತ್ತಿದ್ದದ್ದು ಕಣ್ಣಿಗೆ ಕಾಣುತ್ತಿತ್ತು. ನೆಲ ಮುಟ್ಟುವ ಮೊದಲೇ ಕಾದ ಗಾಳಿ ಅದನ್ನು ಕುಡಿದುಬಿಟ್ಟಿತ್ತು. ಛಟೀರ್! ಮೇಲಿನ ಸೊಪ್ಪಿನಬೆಟ್ಟದಲ್ಲಿ ಒಣಗಿ ನಿಂತಿದ್ದ ಮತ್ತಿಮರದ ತಲೆಯಿಂದ ಹೊಗೆ ಎದ್ದಿತು.

ನಮ್ಮ ಕಡೆ ಕಾಡಿಗೆ ಬೆಂಕಿ ಬಿತ್ತೆಂದರೆ ಸಾಮಾನ್ಯವಾಗಿ ಅದು ಮನುಷ್ಯರದೇ ಕೆಲಸ: ಬೀಡಿ ತುಂಡು, ಹೊಸ ಹುಲ್ಲಿನ ಆಸೆಗೆ ಬ್ಯಾಣಕ್ಕಿಟ್ಟ ಕಿಡಿ. ಸಿಡಿಲು ಹೊತ್ತಿಸಿದ್ದನ್ನು ಹಿಂದೆಯೇ ಬರುವ ಮಳೆ ಆರಿಸುತ್ತದೆ. 2020ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಕಾಡು ಉರಿದದ್ದು ಹೀಗೆ ಮಳೆ ಕೈಕೊಟ್ಟ ಸಿಡಿಲಿಗೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಸುರಿದರೇನು, ಏಪ್ರಿಲ್‌ನಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಯಾವ ಬೆಟ್ಟಕ್ಕೆ ಕಾಲಿಟ್ಟರೂ ದರಕು ಹಪ್ಪಳದಂತೆ ಮುರಿಯುತ್ತದೆ.

ಕತ್ತಿ ಹಿಡಿದು ಓಡಿದೆವು. ಹಸಿ ಟೊಂಗೆ ಕಡಿದು ಬಡಿದೆವು, ಬಡಿದೆವು. ಏರು ಹತ್ತುವ ಬೆಂಕಿಗೆ ಮನುಷ್ಯನ ಕಾಲು ಸಾಟಿಯಲ್ಲ. ಅದರ ಝಳ ಮುಂದಿನ ಎಲೆಗಳನ್ನು ಮೊದಲೇ ಕಾಯಿಸಿ ಇಟ್ಟಿರುತ್ತದೆ. "ಮೇಲೆ ಹೋಗಬೇಡ್ರೋ! ಸುಟ್ಟ ಜಾಗದಲ್ಲಿ ನಿಂತು ಮಗ್ಗುಲಿಂದ ಬಡೀರಿ!" ಹಿರಿಯರೊಬ್ಬರು ಕೂಗುತ್ತಿದ್ದರು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಬೆಂಕಿ ಆರಿಸಲು ಹೋಗಿ ಜೀವ ತೆತ್ತ ಅರಣ್ಯ ರಕ್ಷಕ ಮುರಿಗೆಪ್ಪ ನನಗೆ ಆ ಹೊಗೆಯಲ್ಲಿ ನೆನಪಾದರು. ಎಂಥ ಹುಡುಗ! ನಾವಾದರೋ ನಮ್ಮ ತೋಟಕ್ಕಾಗಿ ಬಡಿಯುತ್ತಿದ್ದೆವು.

ಅಷ್ಟರಲ್ಲಿ ಉರಿಯುವ ಕೊರಡೊಂದು ಕಳಚಿ ಇಳಿಜಾರಿಗೆ ಬಿತ್ತು. ಉರುಳಿತು, ಪುಟಿಯಿತು, ಕಿಡಿ ಚೆಲ್ಲುತ್ತ ಕೆಳಗಿಳಿಯಿತು. ಕೆಳಗೆ ತೋಟ, ತೋಟದ ತಲೆಗೆ ಕೊಟ್ಟಿಗೆ. ಬೆಂಕಿಯನ್ನು ಬಿಟ್ಟು ನಾವೂ ಅದರ ಹಿಂದೆ ಜಾರಿದೆವು. ಕೊರಡು ಅಗಳಕ್ಕೆ ಬಿದ್ದು ನಿಂತಿತು. ಆದರೆ ಅಗಳದ ತುಂಬ ಆ ವರ್ಷ ಗುಡಿಸದೇ ಬಿಟ್ಟ ದರಕು! ಭಗ್ಗೆಂದಿತು. ಯಾರೋ ಕೊಟ್ಟಿಗೆಗೆ ನುಗ್ಗಿ ದನಗಳ ಕಣ್ಣಿ ಕೊಯ್ದರು.

ಕೊಳೆರೋಗಕ್ಕೆ ಔಷಧಿ ಹೊಡೆಯುವ ಪಂಪು, ಎರಡು ಡ್ರಮ್ ನೀರು ಹೊತ್ತ ಪಿಕಪ್ ಬಂತು. ಪೈಪು ಎರಡು ಸಲ ಕೆಮ್ಮಿತು. ಮೊದಲು ಉಗುಳಿದ್ದು ಕಳೆದ ಮಳೆಗಾಲದ ಬೋರ್ಡೋ ಗಸಿ, ತಿಳಿನೀಲಿ. ಆಮೇಲೆ ನೀರು. ನನ್ನ ಮುಂಗೈ ಕೂದಲು ಕರಕಲಾಗಿ ಉದುರುತ್ತಿತ್ತು. ಉರಿ ತಗ್ಗಿತು, ಮತ್ತೆ ಎದ್ದಿತು, ಕೊನೆಗೆ ಕುಸಿಯಿತು.

ಬೆಳಗಿನ ಜಾವ ಮತ್ತಿಯ ಬುಡ ಕೆದಕಿ ಕೆಂಡದ ಮೇಲೆ ಕೊನೆಯ ಕೊಡ ಸುರಿಯುವಾಗ ಕೆಳಗಿನಿಂದ ಗಂಟೆಯ ಸದ್ದು ಕೇಳಿಸಿತು. ಕತ್ತಲಲ್ಲಿ ಚೆದುರಿದ್ದ ದನಗಳು ಒಂದೊಂದೇ ಕೊಟ್ಟಿಗೆಗೆ ಮರಳುತ್ತಿದ್ದವು.