ಹಾಳೆಗೆ ತೂತು ಕೊರೆಯುವ ಮೊದಲು

ನಮ್ಮ ರೋಬೋಟ್ ತಂಡಕ್ಕೆ ಸೇರಲು ಬರುವ ಪ್ರಥಮ ಪಿಯುಸಿಯವರು ಮೊದಲು ಕೇಳುವ ಪ್ರಶ್ನೆ, "ಕ್ಯಾಡ್ ಕಲಿಯಲೇಬೇಕಾ? ನೇರವಾಗಿ ಮಾಡಿಬಿಟ್ಟರೆ ಆಗಲ್ವಾ?" ದುಡ್ಡಿದ್ದವರಿಗೆ ಆಗಬಹುದು. ನಾವು ಐದು ಜನ ದುಡ್ಡು ಸೇರಿಸಿ ತುಮಕೂರಿನಿಂದ ತಂದದ್ದು ಒಂದೇ ಅಲ್ಯೂಮಿನಿಯಂ ಹಾಳೆ. ಅದನ್ನು ಬಗ್ಗದಂತೆ ಬಸ್ಸಿನಲ್ಲಿ ಹೊಳವನಹಳ್ಳಿಗೆ ತಂದದ್ದೇ ಒಂದು ಕಥೆ. ನಾಲ್ಕು ತೂತು ತಪ್ಪಾದ ಜಾಗದಲ್ಲಿ ಬಿದ್ದರೆ ಇನ್ನೊಂದು ಹಾಳೆ ಇಲ್ಲ, ಈ ವರ್ಷದ ಸ್ಪರ್ಧೆಯೂ ಇಲ್ಲ.

ನಾವು ಬಳಸುವುದು ಫ್ರೀಕ್ಯಾಡ್. ಉಚಿತ, ನೆಟ್ ಇಲ್ಲದಿದ್ದರೂ ನಡೆಯುತ್ತದೆ. 2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿಯಲ್ಲಿ ಬಿಡಿಭಾಗಗಳನ್ನು ಜೋಡಿಸಿ ನೋಡುವ ವಿಭಾಗವೂ ಅದರೊಳಗೇ ಇದೆ. ಆನ್‌ಶೇಪ್ ಕೂಡ ವಿದ್ಯಾರ್ಥಿಗಳಿಗೆ ಉಚಿತ, ಮೊಬೈಲಿನಲ್ಲೂ ತೆರೆಯುತ್ತದೆ, ಕಲಿಯಲು ನನ್ನ ಪ್ರಕಾರ ಇನ್ನೂ ಸುಲಭ. ಆದರೆ ನೆಟ್ ಹೋದರೆ ಕೆಲಸ ನಿಂತಿತು.

ಮೊದಲು ಒಂದು ಖಾಲಿ ಪೆಟ್ಟಿಗೆ ಬರೆಯಿರಿ. ಸ್ಪರ್ಧೆಗಳಲ್ಲಿ ರೋಬೋಟಿನ ಗಾತ್ರಕ್ಕೆ ಮಿತಿ ಇರುತ್ತದೆ. ಫಸ್ಟ್ ಟೆಕ್ ಚಾಲೆಂಜ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಆಟ ಶುರುವಾಗುವಾಗ ರೋಬೋಟ್ 18 ಇಂಚಿನ ಘನದೊಳಗೆ ಕೂರಬೇಕು, ಅಂದರೆ 457.2 ಮಿ.ಮೀ. ಆ ಪೆಟ್ಟಿಗೆಯೊಳಗೆ ಮೋಟರು, ಬ್ಯಾಟರಿ, ಚಕ್ರ ಇಡಿ. ಕೊಂಡು ತಂದದ್ದರ ಅಳತೆ ನಾವು ಬದಲಿಸಲಾರೆವು. ಚಾಸಿಸ್ ಅದಕ್ಕೆ ಹೊಂದಿಕೊಳ್ಳಬೇಕು. ಭೌತಶಾಸ್ತ್ರ ಲ್ಯಾಬಿನ ವರ್ನಿಯರ್ ಕ್ಯಾಲಿಪರ್ 0.1 ಮಿ.ಮೀ.ವರೆಗೆ ಹೇಳುತ್ತದೆ. ಪ್ರಾಕ್ಟಿಕಲ್ ರೆಕಾರ್ಡ್ ಬರೆಯುವಾಗ ಬೇಸರ ತರಿಸುತ್ತಿದ್ದ ಆ ಉಪಕರಣ ಈಗ ನನ್ನ ಕೈ ಬಿಡುವುದಿಲ್ಲ.

ಫ್ರೀಕ್ಯಾಡ್‌ನಲ್ಲಿ ಪ್ರತಿ ಗೆರೆಗೂ ಅಳತೆ, ಜಾಗ ಎರಡೂ ಕೊಟ್ಟು ಮುಗಿದಾಗ ಸ್ಕೆಚ್ ಹಸಿರಾಗುತ್ತದೆ. ಹಸಿರಾಗುವ ತನಕ ಮುಂದೆ ಹೋಗಬೇಡಿ.

ನಮ್ಮ ಅಬ್ಬಾ ಬಡಗಿ. ಅವರ ಲೆಕ್ಕವೆಲ್ಲ ಸೂತ್‌ನಲ್ಲಿ. ಒಂದು ಸೂತ್ ಎಂದರೆ ಇಂಚಿನ ಎಂಟನೇ ಒಂದು ಭಾಗ, 3.175 ಮಿ.ಮೀ. (3 ಮಿ.ಮೀ. ಬೋಲ್ಟು ಸಲೀಸಾಗಿ ಹೋಗುವ ತೂತು ಹೆಚ್ಚುಕಡಿಮೆ ಅಷ್ಟೇ!) ಲ್ಯಾಪ್‌ಟಾಪಿನಲ್ಲಿ ಜೋಡಣೆಯನ್ನು ತಿರುಗಿಸಿ ತೋರಿಸಿದೆ. ಸುಮ್ಮನೆ ನೋಡಿದರು. ಆಮೇಲೆ, "ಎಲ್ಲ ಕೂತಿದೆ ಬೇಟಾ. ಒಳಗಿನ ಈ ಬೋಲ್ಟು ಬಿಗಿಯೋಕೆ ಕೈ ಎಲ್ಲಿಂದ ಹಾಕ್ತೀಯ?" ಎಂದರು.

ಆ ಪ್ರಶ್ನೆಯನ್ನು ಸಾಫ್ಟ್‌ವೇರ್ ತಾನಾಗಿ ಕೇಳುವುದಿಲ್ಲ. ಅಂದಿನಿಂದ ಸ್ಕ್ರೂಡ್ರೈವರಿನ ಉದ್ದ, ದಪ್ಪ ಅಳೆದು ಅದನ್ನೂ ಒಂದು ಭಾಗವಾಗಿ ಬರೆದಿಟ್ಟುಕೊಂಡಿದ್ದೇವೆ. ಪ್ರತಿ ಬೋಲ್ಟಿನ ತಲೆಯ ಮೇಲೂ ಅದನ್ನು ನಿಲ್ಲಿಸಿ ನೋಡುತ್ತೇವೆ. ಬ್ಯಾಟರಿ ಎರಡು ಸೆಂಟಿಮೀಟರ್ ಹಿಂದೆ ಸರಿದದ್ದು ಹಾಗೆ.

ಕೊನೆಗೆ ನಕ್ಷೆಯನ್ನು ನಿಜವಾದ ಅಳತೆಯಲ್ಲೇ ಪ್ರಿಂಟ್ ತೆಗೆದು ಹಾಳೆಗೆ ಅಂಟಿಸಿ, ತೂತಿನ ನಡುವೆ ಪಂಚ್‌ನಿಂದ ಗುರುತು ಹೊಡೆದು ಕೊರೆಯುವುದು. ನಕ್ಷೆಯ ಮೂಲೆಯಲ್ಲಿ 100 ಮಿ.ಮೀ. ಗೆರೆಯೊಂದನ್ನು ಎಳೆದಿರಿ. ಪುಟಕ್ಕೆ ಹೊಂದಿಸಲು ಪ್ರಿಂಟರ್ ಚಿತ್ರವನ್ನು ಕುಗ್ಗಿಸುವುದುಂಟು. ಗೆರೆಯ ಮೇಲೆ ಸ್ಕೇಲ್ ಇಟ್ಟು 97 ಕಂಡರೆ ಆ ಕಾಗದ ಹರಿದು ಹಾಕಿ.