ಉಗಾದಿ ಸೀರಿ, ಡೀಸೆಲ್ ರೇಟು

ಹ್ವಾದ ವಾರ ಟ್ರಂಕಿನ್ಯಾಗಿನ ಸೀರಿ ಬಿಸಲಿಗೆ ಹಾಕೂವಾಗ ಹಸರು ಇಳಕಲ್ ಸೀರಿ ಕೈಗೆ ಬಂತು. ಅದರ ಕಥಿ ನಿಮಗ ಹೇಳೇ ಇಲ್ಲ.

2022ರ ಉಗಾದಿ, ಏಪ್ರಿಲ್ 2. ಬೆಂಗಳೂರಿಂದ ಬಂದ ಮಗ ಸೀರಿ ಕೈಯಾಗಿಟ್ಟ. "ಪಗಾರದ್ದಲ್ಲವ್ವಾ, ಕ್ರೂಡ್‌ನ್ಯಾಗ ಬಂದ ರೊಕ್ಕ" ಅಂದ. ಏನೋ ಹೊಸಾ ಕೆಲಸ ಇರಬೇಕು ಅಂತ ತಿಳಕೊಂಡು ದೇವರ ಮುಂದಿಟ್ಟು ಕುಂಕುಮ ಹಚ್ಚಿದೆ.

ಮಧ್ಯಾಹ್ನ ಊಟಕ್ಕ ನನ್ನ ತಮ್ಮ ಬಂದ. ಅಂವಂದೊಂದು ಗೂಡ್ಸ್ ಟೆಂಪೋ ಐತಿ. ಎಪಿಎಂಸಿಯಿಂದ ಅಂಗಡಿಗೋಳಿಗೆ ಉಳ್ಳಾಗಡ್ಡಿ, ಬಟಾಟಿ ಹೊಡಿತಾನ. ಎರಡನೇ ಹೋಳಿಗಿ ಹಾಕಾಕ ಹೋದ್ರ ಎಲಿ ಮ್ಯಾಲೆ ಕೈ ಅಡ್ಡ ಹಿಡದ. ಹೋಳಿಗಿ ಬ್ಯಾಡ ಅನ್ನಾಂವಲ್ಲ ಅಂವ. ಮಾರ್ಚ್ 22ರಿಂದ ಡೀಸೆಲ್ ಏರಾಕ ಹತ್ತಿತ್ತು, ಎಷ್ಟೋ ದಿನ ಒಮ್ಮೆಗೇ 80 ಪೈಸೆ. ಏಪ್ರಿಲ್ 6 ಅನ್ನೂದ್ರಾಗ ಲೀಟರಿಗೆ 10 ರೂಪಾಯಿ ಆತು. "ಬಾಡಗಿ ಏರಿಸಿದ್ರ ಗಿರಾಕಿ ಬ್ಯಾರೆ ಗಾಡಿ ಕರಿತಾರ. ಏರಿಸ್ಲಿಲ್ಲಂದ್ರ ಬ್ಯಾಂಕಿನ ಕಂತು ನಿಂದರ್ತೈತಿ ಅಕ್ಕಾ" ಅಂದ. ಮಗ ತಲಿ ತಗ್ಗಿಸಿ ಉಂಡ.

ರಾತ್ರಿ ಮಗನ್ನ ಕುಂದ್ರಿಸಿ ಕೇಳಿದೆ. ವಾಯಿದೆ ವ್ಯಾಪಾರ ಅಂತ. ಹತ್ತಿ ಹೊಲದಾಗ ಇರೂವಾಗನ ರೈತ, ಗಿರಣಿಯವರು ಮುಂದಿನ ರೇಟು ಮಾತಾಡಿಕೊಂಡಂಗ. ಅದು ಇಬ್ಬರಿಗೂ ಚಲೋನ. ಆದ್ರ ಹೊಲಾನೂ ಇಲ್ಲ, ಗಿರಣಿನೂ ಇಲ್ಲ ಅನ್ನೋರು ಬರೇ ರೇಟಿನ ಮ್ಯಾಲೆ ರೊಕ್ಕ ಹಚ್ಚಿದ್ರ? ಎಣ್ಣಿದು ಒಂದು ಪೀಪಾಯಿ ಅಂದ್ರ 159 ಲೀಟರ್. ನಮ್ಮ ಹುಡುಗ ಒಂದು ಲೀಟರೂ ಕಣ್ಣಿಲೆ ನೋಡಿಲ್ಲ. ಉಕ್ರೇನ್ ಯುದ್ಧದಿಂದ ಮಾರ್ಚ್ 7ಕ್ಕ ಪೀಪಾಯಿ 139 ಡಾಲರ್ ಮುಟ್ಟಿತ್ತು. ಏರ್ತೈತಿ ಅಂತ ಫೋನಿನ್ಯಾಗ ರೊಕ್ಕ ಹಾಕಿದ್ದ, ಏರಿತು.

"ಅಲ್ಲೋ, ನೀ ಏರ್ಲಿ ಅಂತ ರೊಕ್ಕ ಹಚ್ಚಿದಿ, ನಿಮ್ಮ ಮಾಮಾ ಇಳೀಲಿ ಅಂತ ಕೈ ಮುಗದ. ದೇವರು ಯಾರ ಮಾತು ಕೇಳಬೇಕು?" ಅಂದೆ.

"ನಾ ಒಬ್ಬಾಂವ ಬಿಟ್ರ ಡೀಸೆಲ್ ಇಳಿತೈತೇನವ್ವಾ? ಯುದ್ಧ ನಾ ಮಾಡಿನೇನು? ಟ್ಯಾಕ್ಸ್ ನಾ ಹಾಕಿನೇನು?"

ಅವನ ಮಾತು ಸುಳ್ಳಲ್ಲ. 2020ರ ಏಪ್ರಿಲ್ 20ಕ್ಕ ಅಮೆರಿಕಾದ ಎಣ್ಣಿಯ ವಾಯಿದೆ ರೇಟು ಸೊನ್ನಿಗಿಂತ 37 ಡಾಲರ್ ಕೆಳಗ ಹೋಗಿತ್ತು. ಅದರ ಮುಂದಿನ ತಿಂಗಳನ ನಮ್ಮ ಸರಕಾರ ಡೀಸೆಲ್ ಮ್ಯಾಲೆ ಲೀಟರಿಗೆ 13 ರೂಪಾಯಿ ಸುಂಕ ಏರಿಸ್ತು. ಲಾಕ್‌ಡೌನಿನ್ಯಾಗ ನಿಂತ ತಮ್ಮನ ಟೆಂಪೋಕ್ಕ ಒಂದು ಪೈಸಾ ಲಾಭ ಮುಟ್ಟಲಿಲ್ಲ. ಎಲ್ಲಾ ತಪ್ಪು ಆಡೋರ ತಲಿಗೆ ಕಟ್ಟಾಕ ಬರೂದಿಲ್ಲ. ಹಂಗಂತ ಬಿಡಾಕೂ ಬರೂದಿಲ್ಲ. 2008ರ ಜುಲೈದಾಗ 147 ಡಾಲರ್ ಇದ್ದ ಪೀಪಾಯಿ ಡಿಸೆಂಬರಿಗೆ 40ರ ಕೆಳಗ ಬಂತು. ಬೇಡಿಕೆ ಬಿದ್ದಿದ್ದು ಖರೆ. ಆದ್ರ ಜಗತ್ತಿನ ಗಾಡಿ ಅಷ್ಟು ನಿಂತಿದ್ವೇನು?

ಉಳ್ಳಾಗಡ್ಡಿ ಕಥಿನೂ ಕೇಳ್ರಿ. 1955ರಾಗ ಅಮೆರಿಕಾದ ಶಿಕಾಗೋದಾಗ ಇಬ್ಬರು ವ್ಯಾಪಾರಸ್ಥರು ಅಲ್ಲಿನ ಉಳ್ಳಾಗಡ್ಡಿ ಹೆಚ್ಚುಕಮ್ಮಿ ಪೂರಾ ಕೈಯಾಗ ಹಿಡದ್ರು, ಆಮ್ಯಾಲೆ ಪ್ಯಾಟಿಗೆ ಬಿಟ್ಟು ರೇಟು ಕೆಡವಿದ್ರು. ಒಳಗಿನ ಮಾಲಿಗಿಂತ ಖಾಲಿ ಚೀಲದ ಕಿಮ್ಮತ್ತ ಹೆಚ್ಚಾತು. ರೈತರು ಮುಳುಗಿದ್ರು. 1958ರಾಗ ಅಲ್ಲಿ ಉಳ್ಳಾಗಡ್ಡಿ ವಾಯಿದೆ ವ್ಯಾಪಾರನ ಬಂದ್ ಮಾಡಿದ್ರು, ಇನ್ನೂ ಬಂದೈತಿ. ಹಂಗಾದ್ರೂ ಅಲ್ಲಿ ಉಳ್ಳಾಗಡ್ಡಿ ರೇಟು ಏರೂದು ಇಳಿಯೂದು ತಪ್ಪಿಲ್ಲ. ಅದಕ್ಕ ಪೂರಾ ಬಂದ್ ಮಾಡ್ರಿ ಅನ್ನಾಕ ನಂಗ ಧೈರ್ಯ ಇಲ್ಲ. ಒಬ್ಬರ ಕೈಯಾಗ ಇಷ್ಟ ಇರಬೇಕು ಅನ್ನೂ ಮಿತಿ ಅಂತೂ ಬೇಕು. ಎಣ್ಣಿಗೂ ಸೇರಿ ಹಂಥಾ ಮಿತಿ ಹಾಕ್ರಿ ಅಂತ ಅಮೆರಿಕಾದಾಗ 2010ರಾಗ ಕಾಯ್ದೆ ಆತು. ವ್ಯಾಪಾರದವರು ಕೋರ್ಟಿಗೆ ಹೋದ್ರು, 2012ರಾಗ ನಿಯಮ ಬಿದ್ದುಹೋತು, ಮತ್ತ ಗಟ್ಟಿ ಆಗೂದ್ರಾಗ 2020 ಬಂತು. ಹತ್ತು ವರ್ಷ! ನಮ್ಮಲ್ಲಿ 2021ರ ಡಿಸೆಂಬರಿಗೆ ಗೋದಿ, ಕಡ್ಲಿ, ಹೆಸರು, ಸೋಯಾ, ಪಾಮ್ ಎಣ್ಣಿ ಹಿಂಗ ಏಳು ಸಾಮಾನಿನ ವಾಯಿದೆ ವ್ಯಾಪಾರ ನಿಲ್ಲಿಸಿದ್ರು. ಅಡಗಿಮನಿ ನೆನಪಾತು ಅವರಿಗೆ. ಆ ಸಾಮಾನು ಅಡಗಿಮನಿ ತನಕಾ ಬರೂದು ಡೀಸೆಲ್ ಮ್ಯಾಲೆ ಅನ್ನೂದು ನೆನಪಾಗಲಿಲ್ಲ.

ಮಗ ಈಗೂ ಆಡ್ತಾನೋ ಬಿಟ್ಟಾನೋ, ನಾ ಕೇಳಿಲ್ಲ. ಸೀರಿ ಒಂದ ಸಲ ಉಟ್ಟೀನಿ, ತಮ್ಮನ ಮಗಳ ಮದವಿಗೆ. "ಭಾಳ ಚಂದ ಐತಿ ಅಕ್ಕಾ, ಯಾರು ಕೊಡಿಸಿದ್ರು?" ಅಂದ. ಮಗ ಅಂದೆ. ಯಾವ ರೊಕ್ಕದಾಗ ಅಂತ ಹೇಳಾಕ ಬಾಯಿ ಬರಲಿಲ್ಲ. ಘಡಿ ಮಾಡಿ ಮತ್ತ ಟ್ರಂಕಿನ್ಯಾಗ ಇಟ್ಟೀನಿ.