ಹುಣಸೆ ತಾಗಿದ ಕಾಸು

ತಾಮ್ರದ ಪಾತ್ರೆಗಳನ್ನು ಹುಣಸೆಹಣ್ಣು, ಬೂದಿಗಳಿಂದ ತಿಕ್ಕಿ ಥಳಥಳಿಸುವಂತೆ ಮಾಡುವುದು ನಮ್ಮ ಮನೆಗಳಲ್ಲಿ ಶುಚಿತ್ವದ ಲಕ್ಷಣವೆನಿಸಿದೆ. ಪಾತ್ರೆಯ ಮಟ್ಟಿಗೆ ಅದು ಸರಿಯೇ. ಹಳೆಯ ನಾಣ್ಯದ ಪಾಲಿಗೆ ಮಾತ್ರ ಈ ಶುಚಿತ್ವವೇ ಮೃತ್ಯುಸಮಾನವಾದುದು. ಹುಣಸೆಯ ಆಮ್ಲವು ನಾಣ್ಯದ ಮೇಲೆ ಬಹುಕಾಲದಿಂದ ಕವಿದಿರುವ ಕಂದು ಪೊರೆಯನ್ನು ಕರಗಿಸುತ್ತದೆ. ಬೂದಿಯ ಕಣಗಳು ಸೂಕ್ಷ್ಮವಾದ ಗೀರುಗಳನ್ನು ಮೂಡಿಸುತ್ತವೆ. ಆ ಪೊರೆ ಕೊಳೆಯಲ್ಲ, ಲೋಹದ ಕವಚ. ಒಮ್ಮೆ ಹೋದರೆ ಅದನ್ನು ಮರಳಿ ತರಲಾಗದು.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ವರ್ಷ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಆನೆಯ ಚಿತ್ರವುಳ್ಳ ಇಪ್ಪತ್ತು ಕಾಸಿನ ಹನ್ನೊಂದು ನಾಣ್ಯಗಳನ್ನು ನನ್ನಲ್ಲಿಗೆ ತಂದಿದ್ದನು. ಮಗಳ ಕಾಲೇಜಿನ ಶುಲ್ಕಕ್ಕಾಗಿ ಅವುಗಳನ್ನು ಮಾರುವ ಆಲೋಚನೆ ಅವನದು. ಐದು ನಾಣ್ಯಗಳು ಅದಾಗಲೇ ಹೊಸ ಚೊಂಬಿನಂತೆ ಹೊಳೆಯುತ್ತಿದ್ದವು. “ಉಳಿದವನ್ನೂ ತೊಳೆದು ತರಲೇ, ಗುರುಗಳೇ?” ಎಂದನು. “ಬೇಡಪ್ಪಾ, ನೀರನ್ನೂ ಸೋಕಿಸಬೇಡ” ಎಂದೆ.

ನಾಣ್ಯದ ಸ್ಥಿತಿಯನ್ನು 1ರಿಂದ 70ರವರೆಗಿನ ಅಂಕಗಳಲ್ಲಿ ಅಳೆಯುವ ಕ್ರಮವನ್ನು ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ರೂಪಿಸಿದನು. ಅದನ್ನು ಅಳವಡಿಸಿಕೊಂಡು ನಾಣ್ಯಗಳನ್ನು ಪರೀಕ್ಷಿಸಿ ಮೊಹರುಮಾಡುವ ಪಿ.ಸಿ.ಜಿ.ಎಸ್. ಸಂಸ್ಥೆ 1986ರಲ್ಲಿಯೂ, ಎನ್.ಜಿ.ಸಿ. 1987ರಲ್ಲಿಯೂ ಆರಂಭವಾದವು. ಉಜ್ಜಿದ ನಾಣ್ಯವು ಸಾಮಾನ್ಯವಾಗಿ ಅಂಕವನ್ನೇ ಪಡೆಯುವುದಿಲ್ಲ; ‘ತೊಳೆದದ್ದು’ ಎಂಬ ಷರಾ ಮಾತ್ರ ಅದಕ್ಕೆ ಅಂಟಿಕೊಳ್ಳುತ್ತದೆ. ಅವನ ಐದು ಕಾಸುಗಳ ಗತಿ ಅಷ್ಟೇ.

ಉಳಿದ ಆರರ ಪೈಕಿ ಎರಡಕ್ಕೆ ಪಿ.ವಿ.ಸಿ. ಹಾಳೆಯ ಆಲ್ಬಮ್ಮಿನಿಂದ ಹಸಿರು ಜಿಡ್ಡು ಅಂಟಿತ್ತು. ಆ ಪ್ಲಾಸ್ಟಿಕ್ ಕಾಲಕ್ರಮದಲ್ಲಿ ಆಮ್ಲವನ್ನು ಒಸರುತ್ತದೆ. ಶುದ್ಧ ಅಸಿಟೋನನ್ನು ಗಾಜಿನ ಬಟ್ಟಲಲ್ಲಿ ಹಾಕಿ, ಒಲೆಯಿಂದ ದೂರದಲ್ಲಿ, ಕಿಟಕಿ ತೆರೆದಿಟ್ಟು, ಅವೆರಡನ್ನೂ ಕೆಲವು ನಿಮಿಷ ಮುಳುಗಿಸಿದೆವು. ಜಿಡ್ಡು ಕರಗಿತು, ಕಂದು ಪೊರೆ ಉಳಿಯಿತು. ಆಮೇಲೆ ಬಟ್ಟೆಯಿಂದ ಒರೆಸಲಿಲ್ಲ. ತಾನಾಗಿಯೇ ಆರಲು ಬಿಟ್ಟೆವು. ಇನ್ನೊಂದರ ಮೇಲೆ ತಿಳಿಹಸಿರು ಪುಡಿ ಉದುರುತ್ತಿತ್ತು. ಅದು ಕ್ಲೋರೈಡಿನಿಂದ ಲೋಹವನ್ನು ಒಳಗಿನಿಂದ ತಿನ್ನುವ ವ್ಯಾಧಿ, ಅಸಿಟೋನಿಗೆ ಜಗ್ಗುವುದಲ್ಲ. ಅದನ್ನು ಬೇರೆಯಾಗಿ ಒಣ ಡಬ್ಬಿಯಲ್ಲಿರಿಸಿ, ಸಂರಕ್ಷಣಾ ತಜ್ಞರಲ್ಲಿಗೆ ಒಯ್ಯಲು ಹೇಳಿದೆನು.

ಅಮೆರಿಕಕ್ಕೇ ಕಳುಹಿಸೋಣವೆಂದು ಅವನು ಉತ್ಸಾಹಗೊಂಡನು. ಅದು ಸಲ್ಲದು. ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯವು 1972ರ ಕಾಯಿದೆಯ ಪ್ರಕಾರ ಪುರಾತನ ವಸ್ತು. ಖಾಸಗಿ ವ್ಯಕ್ತಿಗಳು ಅದನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ. ದೇಶದೊಳಗಿನ ಪರೀಕ್ಷಕರಿಗೇ ತೋರಿಸಬೇಕು. ಐದು ನಾಣ್ಯಗಳನ್ನು ಅಂಚು ಹಿಡಿದು ಒಂದೊಂದಾಗಿ ತೂಗಿ, ಬರೆದುಕೊಂಡು, ಪಾಲಿಯೆಸ್ಟರ್ ಲಕೋಟೆಗಳಲ್ಲಿಟ್ಟು ಅವನ ಕೈಗೆ ಕೊಟ್ಟೆನು. ಹುಣಸೆ ತಾಗಿದ ಐದರಲ್ಲಿ ಒಂದನ್ನು ಅವನು ಶಾಲೆಗೇ ಬಿಟ್ಟುಹೋದನು. ಎಂಟನೆಯ ತರಗತಿಯ ವಿಜ್ಞಾನದ ಪಾಠಕ್ಕೆ ಈಗ ಅದನ್ನು ಬಳಸುತ್ತಿದ್ದೇವೆ.